ಹಾಯಿದೋಣಿಗೆ ದಾವಣಗೆರೆ ಬುತ್ತಿ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೆಳೆದವರಿಗೆ ಹರಿಹರದ ಸೇತುವೆ ಮೇಲೆ ತುಂಗಭದ್ರೆ ದಾಟುವುದೇ ದೊಡ್ಡ ಜಲಯಾನ. ಅಂಥ ಊರಿನವನು ನಡುಗಡಲಲ್ಲಿ ನಾಲ್ಕು ಜನಕ್ಕೆ ಬೇಯಿಸಿ ಹಾಕುತ್ತಾನೆ ಅಂದರೆ ನೆಂಟರು ಈಗಲೂ ನಗುತ್ತಾರೆ. ನಲವತ್ತು ಅಡಿಯ ಹಾಯಿದೋಣಿ, ಗೋವಾದಿಂದ ಹೊರಟರೆ ಮಾಲ್ಡೀವ್ಸ್ ಕಡೆಗೋ ಮಾರಿಷಸ್ ಕಡೆಗೋ ದಾರಿ. ಹಾಯಿ, ನಕ್ಷೆ ಬೇರೆಯವರದು, ಅಡುಗೆಕಟ್ಟೆ ನನ್ನದು.

ಯಾಟಿಂಗ್ ಪುಸ್ತಕಗಳಲ್ಲಿ ಅಡುಗೆಯ ಅಧ್ಯಾಯ ಇದ್ದೇ ಇರುತ್ತದೆ. ಅದರಲ್ಲಿ ಬರುವುದೆಲ್ಲ ಟಿನ್ ಮಾಂಸ, ಪಾಸ್ತಾ, ಬಿಸ್ಕತ್ತು. ನನಗೆ ಅನುಭವದಿಂದ ಗಟ್ಟಿಯಾದ ಮಾತು ಬೇರೆ: ದೂರದ ಹಾಯಿಯಾನಕ್ಕೆ ಬೇಕಾದ ಅಡುಗೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಮಳೆಯನ್ನು ನಂಬಿ ಕೂರಲಾಗದ ಸೀಮೆಯ ಜನ ಫ್ರಿಜ್ಜಿಲ್ಲದೆ ಉಳಿಯುವುದನ್ನು, ಕಡಿಮೆ ನೀರಲ್ಲಿ ಬೇಯುವುದನ್ನು, ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದಾದ್ದನ್ನು ಮಾಡಿಟ್ಟುಕೊಂಡರು. ಕಡಲಿನ ಮೇಲೂ ಕೊರತೆಗಳು ಇವೇ. ಹೊರಡುವವರಿಗೆ ಉಪಯೋಗವಾಗಲೆಂದು ಕೆಲವು ಪಾಠ ಬರೆಯುತ್ತಿದ್ದೇನೆ.

1. ದೂರದಿಂದ ದಿನ ಎಣಿಸಿ, ಅದಕ್ಕೆ ಅರ್ಧ ಸೇರಿಸಿ

ಗೋವಾದಿಂದ ಮಾರಿಷಸ್‌ನ ಪೋರ್ಟ್ ಲೂಯಿಸ್‌ಗೆ ನೇರ ಗೆರೆ ಎಳೆದರೆ ಸುಮಾರು 2,300 ನಾಟಿಕಲ್ ಮೈಲಿ. ಗಂಟೆಗೆ ಸರಾಸರಿ ಐದು ಮೈಲಿ ಹೋದರೆ ದಿನಕ್ಕೆ 120, ಒಟ್ಟು ಹತ್ತಿರಹತ್ತಿರ 20 ದಿನ. ಇದು ಕಾಗದದ ಮೇಲಿನ ಲೆಕ್ಕ. ನವೆಂಬರ್ ಮೇಲೆ ಈಶಾನ್ಯದ ಗಾಳಿ ದೋಣಿಯನ್ನು ಸಲೀಸಾಗಿ ದಕ್ಷಿಣಕ್ಕೆ ತಳ್ಳುತ್ತದೆ. ಸಮಭಾಜಕದ ಆಸುಪಾಸು ಗಾಳಿ ಸತ್ತ ಪಟ್ಟಿ ಸಿಗುತ್ತದೆ. ಅಲ್ಲಿ ಹಾಯಿ ಜೋಲುಬಿದ್ದು ದಿನಗಟ್ಟಲೆ ನಿಂತಲ್ಲೇ ನಿಲ್ಲುವುದುಂಟು. ಹಾಗಾಗಿ ದಿನಸಿ ಕಟ್ಟುವುದು 30 ದಿನಕ್ಕೆ.

ನಾಲ್ಕು ಜನಕ್ಕೆ ನನ್ನ ಪಟ್ಟಿ ಇದು: ಅಕ್ಕಿ 12 ಕಿಲೋ, ಬೇಳೆಕಾಳು 7 ಕಿಲೋ, ಅವಲಕ್ಕಿ ಮತ್ತು ಹುರಿದ ರವೆ ಸೇರಿ 8 ಕಿಲೋ, ಎಣ್ಣೆ 4 ಲೀಟರ್, ಈರುಳ್ಳಿ 9 ಕಿಲೋ, ತಲೆಗೆ ದಿನಕ್ಕೆರಡರಂತೆ ಖಡಕ್ ರೊಟ್ಟಿ 240. ಮೀನು ಗಾಳಕ್ಕೆ ಬಿದ್ದರೆ ತಿನ್ನುವವರ ಭಾಗ್ಯ. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ದೂರ ಹೆಚ್ಚಾದಷ್ಟೂ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಅಭಿಲಾಷ್ ಟಾಮಿ 2012ರ ನವೆಂಬರಿನಲ್ಲಿ ಮುಂಬಯಿಯಿಂದ ‘ಮ್ಹಾದೇಯಿ’ ದೋಣಿಯಲ್ಲಿ ಒಬ್ಬರೇ ಹೊರಟವರು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬರುವಷ್ಟರಲ್ಲಿ ಸುಮಾರು ಐದು ತಿಂಗಳು. ಆ ಐದು ತಿಂಗಳಲ್ಲಿ ಉಪ್ಪು ಮರೆತಿದ್ದರೆ ತರಲು ಅಂಗಡಿ ಎಲ್ಲಿದೆ?

2. ಮೊದಲ ಮೂರು ದಿನದ ಅಡುಗೆ ದಡದಲ್ಲೇ ಮುಗಿಯಲಿ

ಎಷ್ಟೇ ಪಳಗಿದವರಿಗೂ ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ. ಅಡುಗೆಯವನಿಗೆ ಇನ್ನೂ ಹೆಚ್ಚು, ಯಾಕೆಂದರೆ ಅವನು ಒಳಗೆ ಬಗ್ಗಿ ನಿಂತು ಒಗ್ಗರಣೆ ಹೊಗೆ ಕುಡಿಯಬೇಕು. ಹೊರಡುವ ಹಿಂದಿನ ದಿನವೇ ಹುಣಸೆ ಗೊಜ್ಜು ಕುದಿಸಿಡಿ. ಅನ್ನ ಮಾಡಿ ಕಲಸಿದರೆ ಪುಳಿಯೋಗರೆ. ಶೇಂಗಾ ಹೋಳಿಗೆ, ಮೆಂತ್ಯದ ಚಪಾತಿ, ಬೇಯಿಸಿದ ಆಲೂಗಡ್ಡೆ ಕೈಗೆಟುಕುವ ಕಡೆ ಇರಲಿ. ಒಣ ಶುಂಠಿ ಚೂರು ಜೇಬಲ್ಲಿರಲಿ. ಯಾರಿಗೂ ಬಲವಂತದ ಊಟ ಬೇಡ. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ ಗುಟುಕು ಗುಟುಕಾಗಿ ಹೋಗುತ್ತಿದ್ದರೆ ಸಾಕು. ನೀರಿಳಿದು ಸುಸ್ತಾದವನು ಹಗ್ಗ ಎಳೆಯಲಾರ.

3. ರೊಟ್ಟಿ, ಪುಡಿ, ಮಂಡಕ್ಕಿ: ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ

ಹೊರಡುವ ಮುಂಚಿನ ವಾರ ದಾವಣಗೆರೆ ಪೇಟೆ ಸುತ್ತುವುದು ನನ್ನ ಕ್ರಮ. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸರ ಹತ್ತಿರ ಜೋಳದ ಖಡಕ್ ರೊಟ್ಟಿ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಚಟ್ನಿಪುಡಿ. ಭಟ್ಟಿಯಿಂದ ಬಿಸಿ ಆರಿದ ಬಿಳಿ ಮಂಡಕ್ಕಿ.

ಒಣಗಿದ್ದು ಊರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸಮುದ್ರದ ಮೇಲೆ ಹಾಗಲ್ಲ. ಅಲ್ಲಿನ ಗಾಳಿಯಲ್ಲಿ ಉಪ್ಪಿದೆ, ಉಪ್ಪು ನೀರೆಳೆಯುತ್ತದೆ. ದೊಡ್ಡ ಡಬ್ಬಿಯ ಮುಚ್ಚಳ ದಿನಕ್ಕೆ ನಾಲ್ಕು ಸಲ ತೆಗೆದರೆ ವಾರದೊಳಗೆ ಇಡೀ ಡಬ್ಬಿಯ ರೊಟ್ಟಿ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಅದಕ್ಕೇ ಮನೆಯಲ್ಲೇ, ಬಿಸಿಲಿರುವ ಮಧ್ಯಾಹ್ನ ಕೂತು, ಎಂಟೆಂಟು ರೊಟ್ಟಿಯ ಪೊಟ್ಟಣ ಮಾಡಿ ಬಿಸಿಪಟ್ಟಿಯಲ್ಲಿ ಬಾಯಿ ಅಂಟಿಸುತ್ತೇನೆ. ಮಂಡಕ್ಕಿಯೂ ಹಾಗೆಯೇ. ಒಂದು ಪೊಟ್ಟಣ ಕೆಟ್ಟರೆ ಒಂದು ದಿನದ್ದು ಕೆಟ್ಟಿತು, ತಿಂಗಳದ್ದಲ್ಲ. ಮೆತ್ತಗಾದ ಮಂಡಕ್ಕಿಯನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿ.

ಪುಡಿಗಳಿಗೂ ಸರದಿ ಇದೆ. ಶೇಂಗಾದಲ್ಲಿ, ಗುರೆಳ್ಳಲ್ಲಿ ಎಣ್ಣೆ ಜಾಸ್ತಿ. ದೋಣಿಯೊಳಗಿನ ಸೆಕೆಗೆ ಬೇಗ ಕಮಟು ಬರುತ್ತದೆ. ಅವು ಮೊದಲು ಖರ್ಚಾಗಲಿ, ಪುಟಾಣಿ ಪುಡಿ ಕೊನೆಗೆ. ಒಣಕೊಬ್ಬರಿ ಹಾಕಿದ ಯಾವ ಪುಡಿಯನ್ನೂ ಎರಡು ವಾರದಾಚೆಗೆ ನಾನು ನಂಬುವುದಿಲ್ಲ. ಇದೇ ಕಾರಣಕ್ಕೆ ನರ್ಗೀಸ್ ಮಂಡಕ್ಕಿಯನ್ನು ಕಲಸಿದ್ದೇ ಒಯ್ಯಬೇಡಿ. ಮಂಡಕ್ಕಿ ಬೇರೆ, ಪುಟಾಣಿ ಹಿಟ್ಟು ಬೇರೆ, ಎಣ್ಣೆ ಬೇರೆ ಹೋಗಲಿ. ಕಲಸಲು ಐದು ನಿಮಿಷ ಸಾಕು. ಬೆಣ್ಣೆ ಊರಲ್ಲೇ ಬಿಡಿ, ಕಾಯಿಸಿದ ತುಪ್ಪ ತುಂಬಿಕೊಳ್ಳಿ.

4. ಸಿಹಿನೀರಿಗೆ ಬೀಗ ಬೇಡ, ಲೆಕ್ಕ ಬೇಕು

ಬೇಸಿಗೆಯಲ್ಲಿ ನಲ್ಲಿ ಬಂದ ದಿನ ತೊಟ್ಟಿ, ಡ್ರಮ್ಮು, ಕೊಡ ಎಲ್ಲ ತುಂಬಿಟ್ಟುಕೊಂಡು ಮುಂದಿನ ನೀರು ಬರುವ ತನಕ ತೂಗಿಸುವುದು ದಾವಣಗೆರೆಯ ಮನೆಗಳಿಗೆ ಹೊಸದಲ್ಲ. ಊರಿಗೆ ಕುಡಿಯುವ ನೀರು ಕೊಡುವ ಕುಂದವಾಡ ಕೆರೆ ತುಂಬುವುದೇ ಭದ್ರಾ ನಾಲೆಯಿಂದ. ನಾಲೆ ನಿಂತರೆ ಎಲ್ಲರ ಕಣ್ಣೂ ಕೆರೆಯ ಮಟ್ಟದ ಮೇಲೆ. ಅಕ್ಕಿ ತೊಳೆದ ನೀರಲ್ಲಿ ಕಾಳು ನೆನೆಹಾಕಿ, ಅದನ್ನೇ ಗಿಡಕ್ಕೆ ಹೊಯ್ಯುವ ಮನೆಯಲ್ಲಿ ಬೆಳೆದವರು ದೋಣಿಯಲ್ಲಿ ಬೇಗ ಪಳಗುತ್ತಾರೆ.

ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ಮೂರು ಲೀಟರ್. ನಾಲ್ಕು ಜನ, 30 ದಿನ: 360 ಲೀಟರ್. ಒಂದೇ ಟ್ಯಾಂಕಿಗೆ ತುಂಬಬೇಡಿ. ಎರಡು ಟ್ಯಾಂಕಿಗೆ ಹಂಚಿ, ಮೇಲೆ ಒಂದಷ್ಟು ಇಪ್ಪತ್ತು ಲೀಟರಿನ ಕ್ಯಾನು ಬೇರೆ ಇರಲಿ. ಟ್ಯಾಂಕಿಗೆ ಉಪ್ಪುನೀರು ನುಗ್ಗಿದರೆ ಉಳಿಸುವುದು ಆ ಕ್ಯಾನುಗಳೇ. ಕಡಲನೀರನ್ನು ಸಿಹಿ ಮಾಡುವ ಯಂತ್ರ ಈಗ ಸಾಮಾನ್ಯ. ಇದ್ದರೆ ಸ್ನಾನಕ್ಕೆ ಬರಲಿ, ಕುಡಿಯುವ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಪಾತ್ರೆ ತೊಳೆಯಲು ಕಾಲಿನಿಂದ ಒತ್ತುವ ಪಂಪಿನ ಸಮುದ್ರದ ನೀರೇ ಸಾಕು, ಕೊನೆಗೊಂದು ಲೋಟ ಸಿಹಿನೀರಿನಲ್ಲಿ ಜಾಲಾಡಿ. ಅಡುಗೆಗೂ ಅದು ಬರುತ್ತದೆ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅನ್ನದ ನೀರಿನಲ್ಲಿ ನಾಲ್ಕನೆಯ ಒಂದು ಪಾಲು ಅದಿದ್ದರೆ ಬೇರೆ ಉಪ್ಪು ಹಾಕುವ ಕೆಲಸವಿಲ್ಲ. ಆಲೂಗಡ್ಡೆಯನ್ನು ಸಿಪ್ಪೆಸಮೇತ ಅರ್ಧಕ್ಕರ್ಧ ಬೆರೆಸಿ ಬೇಯಿಸಬಹುದು. ಬಂದರಿನ ಹತ್ತಿರದ ನೀರು ಮಾತ್ರ ಪಾತ್ರೆ ತೊಳೆಯಲೂ ಬೇಡ.

5. ಒಲೆ ತೂಗಲಿ, ಅಡುಗೆಯವನು ತೂಗಬಾರದು

ಹಾಯಿದೋಣಿಯ ಒಲೆಯನ್ನು ಎರಡು ಕೀಲಿನ ಮೇಲೆ ತೂಗುಹಾಕಿರುತ್ತಾರೆ. ದೋಣಿ ಪಕ್ಕಕ್ಕೆ ವಾಲಿದರೂ ಪಾತ್ರೆ ಮಟ್ಟವಾಗಿಯೇ ಇರುತ್ತದೆ. ಸುತ್ತಲಿನ ಕಂಬಿ ಅದನ್ನು ಜಾರಗೊಡುವುದಿಲ್ಲ. ಆದರೆ ಒಲೆ ಮಟ್ಟವಾಗಿದ್ದು ನೀವು ವಾಲಿದಾಗ ಕುದಿಯುವ ಸಾರು ನೇರ ನಿಮ್ಮ ಹೊಟ್ಟೆಯ ಎತ್ತರಕ್ಕೇ ಬರುತ್ತದೆ. ನಡುಗಡಲಲ್ಲಿ ಸುಟ್ಟಗಾಯಕ್ಕೆ ಆಸ್ಪತ್ರೆ ಇಲ್ಲ. ನಿಯಮಗಳು ಕಟ್ಟುನಿಟ್ಟಾಗಿರಲಿ.

ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಒಲೆಯ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಸೊಂಟದ ಪಟ್ಟಿಯಿಂದ ಕಟ್ಟಿಕೊಂಡಿರಬೇಕು. ಸೆಕೆ ಎಷ್ಟೇ ಇರಲಿ, ಅಲೆ ಜೋರಾದ ದಿನ ರಬ್ಬರಿನ ಮಳೆ ಪ್ಯಾಂಟು, ಕಾಲಿಗೆ ಬೂಟು. ಚಹಾ ಬಗ್ಗಿಸುವಾಗ ಲೋಟವನ್ನು ಕೈಯಲ್ಲಿ ಹಿಡಿಯದೆ ಸಿಂಕಿನೊಳಗೆ ಇಟ್ಟು ಬಗ್ಗಿಸಬೇಕು. ಕರಿಯುವುದು ಪೂರ್ತಿ ನಿಷಿದ್ಧ. ಮೆಣಸಿನಕಾಯಿ ಬಜ್ಜಿ ತಿನ್ನಲೇಬೇಕೆಂದರೆ ಲಂಗರು ಹಾಕಿದ ಮೇಲೆ.

ತಟ್ಟೆ ಬೇಡ, ಆಳದ ಬಟ್ಟಲು ಬೇಕು. ಅನ್ನ, ಸಾರು, ಪಲ್ಯ ಎಂದು ಮೂರು ಪಾತ್ರೆ ಇಡುವ ಮನೆಯ ಶಿಸ್ತು ಇಲ್ಲಿ ನಡೆಯುವುದಿಲ್ಲ. ಬಿಸಿಬೇಳೆಬಾತು, ಹೆಸರುಬೇಳೆ ಹುಗ್ಗಿ, ತರಕಾರಿ ಹಾಕಿದ ಉಪ್ಪಿಟ್ಟು: ಒಂದೇ ಪಾತ್ರೆಯಲ್ಲಿ ಆಗಿ, ಒಂದೇ ಚಮಚದಲ್ಲಿ ತಿನ್ನುವಂಥವು.

6. ದೋಸೆ ಕಾವಲಿ ಇಳಿಸಿ, ಪಡ್ಡಿನ ಕಾವಲಿ ಹತ್ತಿಸಿ

ದಾವಣಗೆರೆಯವನು ದೋಣಿಯಲ್ಲಿದ್ದಾನೆ ಎಂದ ಕೂಡಲೇ ಜೊತೆಗಾರರಿಗೆ ಬೆಣ್ಣೆ ದೋಸೆಯ ಆಸೆ. ಹಿಟ್ಟಿಗೆ ತೊಂದರೆಯಿಲ್ಲ, ಆ ಸೆಕೆಗೆ ಬೆಳಗ್ಗೆ ರುಬ್ಬಿದ್ದು ರಾತ್ರಿಯೊಳಗೆ ಉಬ್ಬುತ್ತದೆ. ಉಬ್ಬುವ ಹಿಟ್ಟನ್ನು ತಿರುಪಿನ ಮುಚ್ಚಳದ ಡಬ್ಬಿಯಲ್ಲಿ ಮೂರನೆಯ ಒಂದು ಪಾಲಷ್ಟೇ ತುಂಬಿ, ಮುಚ್ಚಳ ಒಂದು ಸುತ್ತು ಸಡಿಲ ಬಿಟ್ಟು, ಸಿಂಕಿನಲ್ಲಿ ನಿಲ್ಲಿಸಿ. ತೊಂದರೆ ಬರುವುದು ಕಾವಲಿಯ ಮೇಲೆ. ತೂಗುವ ಒಲೆಯೂ ಅಲೆಗಿಂತ ಒಂದು ಕ್ಷಣ ಹಿಂದೆಯೇ. ಆ ಕ್ಷಣದಲ್ಲಿ ತೆಳ್ಳಗೆ ಹರಡಿದ ಹಿಟ್ಟು ಒಂದು ಅಂಚಿಗೆ ಓಡಿ ಅಲ್ಲಿ ದಪ್ಪ, ಇಲ್ಲಿ ಕರಿಕು.

ಪಡ್ಡಿನ ಕಾವಲಿಯಲ್ಲಿ ಪ್ರತಿ ಗುಳಿಗೂ ಅದರದೇ ಗೋಡೆ. ಗುಳಿಯ ಮುಕ್ಕಾಲು ಮಟ್ಟಕ್ಕೆ ಹಿಟ್ಟು, ಅರ್ಧ ಚಮಚ ತುಪ್ಪ, ಮೇಲೊಂದು ಮುಚ್ಚಳ. ಅದೇ ಹಿಟ್ಟು, ಅದೇ ರುಚಿ, ಚೆಲ್ಲುವ ಭಯವಿಲ್ಲ. ಚುಕ್ಕಾಣಿ ಹಿಡಿದವನು ಒಂದು ಕೈಯಲ್ಲೇ ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು. ಲಟ್ಟಣಿಗೆ ಉರುಳಿ ಹೋಗುವ ದಿನ ಚಪಾತಿಯ ಬದಲು ತಾಳಿಪಟ್ಟು. ತಣ್ಣಗಿನ ಕಾವಲಿಯ ಮೇಲೇ ತಟ್ಟಿ ಆಮೇಲೆ ಉರಿ ಹಚ್ಚಿ.

7. ಗ್ಯಾಸು ಕೆಳಗೆ ಇಳಿಯುತ್ತದೆ ಎಂಬುದು ನೆನಪಿರಲಿ

ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದ ಹೊರಗೆ ಹೋದೀತು. ದೋಣಿಗೆ ಕೆಳಗೆ ಬಾಗಿಲಿಲ್ಲ. ಸೋರಿದ್ದೆಲ್ಲ ತಳದಲ್ಲಿ ಕೂರುತ್ತದೆ, ಎಂಜಿನ್ ಹಚ್ಚುವ ಒಂದು ಕಿಡಿ ಸಾಕು. ಸಿಲಿಂಡರ್ ಇರಬೇಕಾದ್ದು ಹೊರಗೆ, ತಳದಲ್ಲಿ ಕಡಲಿಗೆ ತೆರೆದ ತೂತಿರುವ ಪೆಟ್ಟಿಗೆಯಲ್ಲಿ. ಅಡುಗೆ ಮುಗಿದ ಮೇಲೆ ಮೊದಲು ಸಿಲಿಂಡರಿನ ಕೀಲಿ ತಿರುಗಿಸಿ, ಕೊಳವೆಯಲ್ಲಿ ಉಳಿದದ್ದು ಉರಿದು ಆರಿದ ಮೇಲೆ ಒಲೆಯ ಗುಂಡಿ ಮುಚ್ಚಿ.

ಕುಕ್ಕರ್ ಇಲ್ಲದೆ ನಾನು ದೋಣಿ ಹತ್ತುವುದಿಲ್ಲ. ಉರಿ, ನೀರು ಎರಡೂ ಉಳಿಯುತ್ತವೆ. ಮುಚ್ಚಳ ಬಿಗಿಯಾಗಿ ಕೂರುವುದರಿಂದ ಮಗುಚಿದರೂ ಚೆಲ್ಲುವುದಿಲ್ಲ. ಎರಡು ಸೀಟಿ ಹೊಡೆಸಿ, ಕಂಬಳಿ ಸುತ್ತಿ ಬದಿಗಿಟ್ಟರೆ ಬೇಳೆ ತಾನೇ ಬೇಯುತ್ತದೆ. ದಿನಕ್ಕೆ ಕಾಲು ಕಿಲೋ ಗ್ಯಾಸಿನಂತೆ ತಿಂಗಳಿಗೆ ಐದು ಕಿಲೋದ ಎರಡು ಸಿಲಿಂಡರ್.

8. ಮೊದಲು ಬಾಡುವುದು ಮೊದಲು ಬೇಯಲಿ

ಸೊಪ್ಪು, ಬದನೆ, ಬೆಂಡೆ ಮೊದಲ ವಾರ. ಹಸಿರು ಟೊಮೆಟೊ ಒಂದೊಂದನ್ನೇ ಕಾಗದದಲ್ಲಿ ಸುತ್ತಿಟ್ಟರೆ ಎರಡನೆಯ, ಮೂರನೆಯ ವಾರಕ್ಕೆ ಹಣ್ಣಾಗುತ್ತ ಬರುತ್ತದೆ. ಎಲೆಕೋಸನ್ನು ಕತ್ತರಿಸದೆ ಹೊರಗಿನ ಎಲೆ ಬಿಡಿಸುತ್ತ ಹೋಗಿ. ಸಿಹಿಗುಂಬಳ, ಬೂದುಗುಂಬಳ ಕೊನೆಯ ತನಕ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಹಾಳಾಗುತ್ತವೆ. ಗಾಳಿಯಾಡುವ ಬೇರೆ ಬೇರೆ ಬಲೆಚೀಲದಲ್ಲಿ ತೂಗುಹಾಕಿ. ಮೊಟ್ಟೆ ತಿನ್ನುವವರಿದ್ದರೆ ಫ್ರಿಜ್ಜಿನಲ್ಲಿಡದ, ತೊಳೆಯದ ಮೊಟ್ಟೆಯನ್ನೇ ಕೊಳ್ಳಿ. ಎರಡು ದಿನಕ್ಕೊಮ್ಮೆ ತಿರುವಿ ಹಾಕಿದರೆ ವಾರಗಟ್ಟಲೆ ತಾಳುತ್ತದೆ. ರಟ್ಟಿನ ಡಬ್ಬ ಒಂದೂ ಒಳಗೆ ಬರಬಾರದು, ಜಿರಳೆಯ ಮೊಟ್ಟೆ ಬರುವುದೇ ಅದರ ಸಂದಿಯಲ್ಲಿ. ದಿನವೂ ಒಮ್ಮೆ ಎಲ್ಲ ಮುಟ್ಟಿ ನೋಡಿ, ಮೆತ್ತಗಾದದ್ದು ಅವತ್ತಿನ ಅಡುಗೆ.

9. ಹಸಿರು ಮುಗಿದ ಮೇಲೆ ಮೊಳಕೆ ಕಟ್ಟಿ

1747ರಲ್ಲಿ ‘ಸಾಲಿಸ್‌ಬರಿ’ ಎಂಬ ಬ್ರಿಟಿಷ್ ಯುದ್ಧನೌಕೆಯ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಒಂದೊಂದು ಜೋಡಿಗೆ ಒಂದೊಂದು ಪಥ್ಯ ಕೊಟ್ಟ. ಬೇಗ ಎದ್ದು ನಿಂತವರು ಕಿತ್ತಳೆ, ನಿಂಬೆ ತಿಂದ ಇಬ್ಬರು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಹಡಗುಗಳಿಗೆ ಅಧಿಕೃತವಾಗಿ ಕೊಡಲು ಒಪ್ಪಿದ್ದು 1795ರಲ್ಲಿ. ಒಂದು ತಿಂಗಳ ಪಯಣಕ್ಕೆ ಆ ಭಯವಿಲ್ಲ. ಆದರೆ ಮೂರನೆಯ ವಾರಕ್ಕೆ ಬಾಯಿ ಹಸಿಯದ್ದನ್ನು ಬೇಡುತ್ತದೆ. ಉಪ್ಪಿನಕಾಯಿಗೆ ಅದು ತಣಿಯುವುದಿಲ್ಲ.

ಹೆಸರುಕಾಳು, ಮಡಕಿಕಾಳು ರಾತ್ರಿ ನೆನೆಸಿ ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮಾರನೆಯ ದಿನಕ್ಕೆ ಮೊಳಕೆ. ಸೆಕೆಗೆ ಹುಳಿ ವಾಸನೆ ಬರದಿರಲು ದಿನಕ್ಕೆರಡು ಸಲ ನೀರು ಚಿಮುಕಿಸಿ, ಸೋರಿದ ನೀರು ಬೇಳೆಗೆ ಹೋಗಲಿ. ನಿಂಬೆಹಣ್ಣು ಹಿಂಡಿ, ಒಣ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೋಸಂಬರಿ. ಹಾಲಿನಪುಡಿಗೆ ಹೆಪ್ಪು ಹಾಕಿ, ಡಬ್ಬಿಗೆ ಟವೆಲ್ ಸುತ್ತಿಟ್ಟರೆ ಮೊಸರೂ ತಪ್ಪುವುದಿಲ್ಲ. ಹೆಪ್ಪಿಗೆ ಎರಡು ಚಮಚ ತೆಗೆದಿಡುವ ಜವಾಬ್ದಾರಿ ಒಬ್ಬನಿಗೇ ಇರಲಿ, ಇಲ್ಲವಾದರೆ ಅದನ್ನೂ ಯಾರೋ ತಿಂದು ಮುಗಿಸುತ್ತಾರೆ.

10. ರಾತ್ರಿ ಪಾಳಿಗೆ ಬೇರೆ ಡಬ್ಬಿ

ರಾತ್ರಿ ಎರಡರಿಂದ ಐದರ ಪಾಳಿಯವನಿಗೆ ಹಸಿವಿಗಿಂತ ನಿದ್ದೆಯ ಕಾಟ ಹೆಚ್ಚು. ಅವನು ಒಲೆ ಹಚ್ಚಬಾರದು, ದೊಡ್ಡ ದೀಪ ಹಾಕಬಾರದು, ಮಲಗಿದವರನ್ನು ಎಬ್ಬಿಸಬಾರದು. ಮಂಡಕ್ಕಿ, ಹುರಿದ ಶೇಂಗಾ, ಪುಟಾಣಿ, ಬೆಲ್ಲದ ತುಂಡು, ತಂಬಿಟ್ಟು ಹಾಕಿದ ಡಬ್ಬಿ, ಥರ್ಮಾಸಿನಲ್ಲಿ ಶುಂಠಿ ಕಷಾಯ. ಡಬ್ಬಿಯನ್ನು ದಿನವೂ ಸಂಜೆ ತುಂಬುವುದು ಅಡುಗೆಯವನ ಕೆಲಸ. ಹಗಲಿನಲ್ಲಿ ಅದಕ್ಕೆ ಕೈ ಹಾಕುವಂತಿಲ್ಲ.

11. ಬಿರುಗಾಳಿಗೆ ಮೈಸೂರಿನ ಪೊಟ್ಟಣ

ಒಲೆ ಹಚ್ಚಲಾಗದ ದಿನಗಳು ಬಂದೇ ಬರುತ್ತವೆ. ಅದಕ್ಕೆ ರಿಟಾರ್ಟ್ ಪೊಟ್ಟಣ. ಬೇಯಿಸಿದ್ದನ್ನು ಪದರಪದರದ ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ. ಆಮೇಲೆ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಇರುತ್ತದೆ, ಹರಿದು ತಣ್ಣಗೇ ತಿನ್ನಬಹುದು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದ ಪ್ರಮುಖ ಕೇಂದ್ರ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. 1961ರಲ್ಲಿ ಶುರುವಾದ ಈ ಸಂಸ್ಥೆ ಸೈನಿಕರಿಗೆ ಊಟ ಕಟ್ಟಿಕೊಟ್ಟಿತು, 1984ರಲ್ಲಿ ರಾಕೇಶ್ ಶರ್ಮಾ ಅವರ ಬಾಹ್ಯಾಕಾಶ ಯಾನಕ್ಕೂ ತಿಂಡಿ ಕಳಿಸಿತು. ಅಂಗಡಿಯಲ್ಲಿ ಸಿಗುವ ಬಿಸಿಬೇಳೆಬಾತಿನ ಪೊಟ್ಟಣ ಅದೇ ಜಾತಿಯದು.

ತಲೆಗೆ ಐದು ದಿನಕ್ಕಾಗುವಷ್ಟು ಇಟ್ಟು, ಆ ಲಾಕರಿನ ಮೇಲೆ ಟೇಪ್ ಅಂಟಿಸಿಬಿಡಿ. ಅಡುಗೆ ಬೇಸರವಾಯಿತೆಂದು ಸಮಾಧಾನದ ದಿನ ಇದನ್ನು ಒಡೆದರೆ, ಗಾಳಿ ಎದ್ದ ದಿನ ಒಣ ಅವಲಕ್ಕಿಯೇ ಗತಿ.

12. ಬಂದರು ಮುಟ್ಟುವ ವಾರವನ್ನೂ ಯೋಜಿಸಿ

ಪ್ಲಾಸ್ಟಿಕ್ ಒಂದು ಚೂರೂ ಕಡಲಿಗೆ ಹೋಗಬಾರದು, ಮಾರ್ಪೋಲ್ ಒಪ್ಪಂದದ ಕಾನೂನೇ ಇದೆ. ಖಾಲಿ ಪೊಟ್ಟಣಗಳನ್ನು ಸಮುದ್ರದ ನೀರಲ್ಲಿ ತೊಳೆದು ಒಂದರೊಳಗೊಂದು ತುರುಕಿ ಇಡಿ. ತೊಳೆಯದೆ ಇಟ್ಟರೆ ಮೂರೇ ದಿನಕ್ಕೆ ದೋಣಿ ನಾರುತ್ತದೆ.

ಕೆಲವು ದೇಶಗಳಲ್ಲಿ ತರಕಾರಿ, ಕಾಳು, ಜೇನು ಒಳಗೆ ಬಿಡುವುದಿಲ್ಲ. 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಮೊದಲು ಮುಟ್ಟಿದ್ದು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ಆಮೇಲೆ ನ್ಯೂಜಿಲೆಂಡಿನ ಲಿಟ್ಲ್‌ಟನ್. ಈ ವಿಷಯದಲ್ಲಿ ಎರಡೂ ದೇಶ ಬಹಳ ಬಿಗಿ. ಅಂಥ ಬಂದರಿಗೆ ಹೋಗುವವರು ಕೊನೆಯ ವಾರದ ಊಟವನ್ನು ಉಳಿದದ್ದು ಖಾಲಿ ಮಾಡುವ ಹಾಗೆ ಹೊಂದಿಸಬೇಕು. ಕುಂಬಳಕಾಯಿ ಕೊನೆತನಕ ಬರುತ್ತದೆಂದು ಬಂದರಿನ ತನಕ ಇಟ್ಟುಕೊಂಡರೆ ಅದು ಅಧಿಕಾರಿಗಳ ಕಸದ ಚೀಲಕ್ಕೆ.

13. ಇಳಿಯುವ ಮುಂಚೆ ಉಳಿದದ್ದನ್ನು ತೂಗಿ

ಯಾವ ಪುಸ್ತಕದ ಪಟ್ಟಿಯೂ ನಿಮ್ಮ ದೋಣಿಯ ಬಾಯಿಗಳಿಗೆ ಸರಿಹೊಂದುವುದಿಲ್ಲ, ಇದೂ ಸೇರಿದಂತೆ. ದಡ ಸೇರಿದ ದಿನ ಕೈಕಾಲು ತೊಳೆಯುವ ಮೊದಲೇ ಲಾಕರ್ ತೆಗೆದು ಉಳಿದದ್ದನ್ನು ತೂಗಿ ಬರೆಯಿರಿ. ಯಾವುದು ಯಾವ ದಿನ ಮುಗಿಯಿತು ಎಂಬುದನ್ನೂ. ನನ್ನ ವಹಿಯಲ್ಲಿ ಪ್ರತಿ ಸಲವೂ ಸೀಲು ಒಡೆಯದೆ ವಾಪಸ್ಸು ಬರುವುದು ನೂಡಲ್ಸ್ ಮತ್ತು ಕೆನೆ ಬಿಸ್ಕತ್ತು. ಎಲ್ಲಕ್ಕಿಂತ ಮೊದಲು ಮುಗಿಯುವುದು ಶೇಂಗಾ ಚಟ್ನಿಪುಡಿ, ಅದೂ ಬಯಲುಸೀಮೆಯವರಲ್ಲದವರ ಕೈಯಲ್ಲಿ. ನೂಡಲ್ಸ್ ಅರ್ಧ ಮಾಡಿ, ಪುಡಿ ಎರಡು ಪಟ್ಟು ಮಾಡಿ. ಕಮಟು ಬರುವ ಮುಂಚೆಯೇ ಖಾಲಿಯಾಗುತ್ತದೆ, ಚಿಂತೆ ಬೇಡ.